ಮಗಳನ್ನು ಬಿಡಲು ಹೋಗಿ ಟೀಚರಾದದ್ದು

ನನ್ನ ಮಗಳು ಶಿಶುವಿಹಾರಕ್ಕೆ ಹೊಂದಿಕೊಳ್ಳಲು ತೆಗೆದುಕೊಂಡದ್ದು ಒಂಬತ್ತು ದಿನ. ಹತ್ತನೆಯ ದಿನ ಅವಳು ಬಾಗಿಲಲ್ಲೇ ನನ್ನ ಕೈ ಬಿಡಿಸಿಕೊಂಡು, "ಅಮ್ಮ, ನೀನ್ ಇನ್ ಮನಿಗ್ ಹೋಗ್" ಎಂದಳು.

ನಾನು ಹೋಗಲಿಲ್ಲ.

ಅದು ಎರಡು ಸಾವಿರದ ಮೂರನೆಯ ಇಸವಿಯ ಜೂನ್. ನನಗೆ ಇಪ್ಪತ್ತಾರು ವರ್ಷ. ತವರು ಯಡ್ತರೆ, ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದು, ಮದುವೆಯಾಗಿ ಮರವಂತೆಗೆ ಬಂದಿದ್ದೆ. ಗಂಡ ಬೋಟಿಗೆ ಹೋಗುವವರು. ಮಳೆಗಾಲದಲ್ಲಿ ಬೋಟುಗಳೆಲ್ಲ ದಡ ಸೇರುವುದರಿಂದ ಆ ದಿನಗಳಲ್ಲಿ ಜಗಲಿಯ ಮೇಲೆ ಬಲೆ ಹರಡಿಕೊಂಡು ಹರಿದದ್ದನ್ನು ಕಟ್ಟುತ್ತ ಕೂತಿರುತ್ತಿದ್ದರು. ಅತ್ತೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವರು. ಮಳೆ ಬಂದರೂ ಅವರ ಕಾಲು ನಿಲ್ಲುತ್ತಿರಲಿಲ್ಲ, ಹೊಳೆಮೀನೋ ಒಣಮೀನೋ ಏನಾದರೊಂದು ಬುಟ್ಟಿಯಲ್ಲಿ ಇದ್ದೇ ಇರುತ್ತಿತ್ತು.

ಆ ಶಿಶುವಿಹಾರದಲ್ಲಿ, ಮಗು ಅಳು ನಿಲ್ಲಿಸುವವರೆಗೆ ತಾಯಿ ಹಿಂದೆ ಕೂತಿರಬಹುದು ಎಂದಿತ್ತು. ಮಕ್ಕಳು ಇಪ್ಪತ್ತಮೂರು, ಟೀಚರ್ ಒಬ್ಬರೇ. ಐವತ್ತು ದಾಟಿದ ಹೆಂಗಸು, ಸ್ವರ ಸದಾ ಕಟ್ಟಿಕೊಂಡಿರುತ್ತಿತ್ತು. ನಾನು ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುಡಿ ಕೂತಿರುತ್ತಿದ್ದೆ. ಮೊದಲೆರಡು ದಿನ ಸುಮ್ಮನೆ ಕೂರಲಾರದೆ ಮೂಗು ಒರೆಸಿದೆ, ಚಡ್ಡಿಯ ಗುಂಡಿ ಹಾಕಿದೆ, ಕೊಡೆಗಳನ್ನು ಸಾಲಾಗಿ ನಿಲ್ಲಿಸಿದೆ. ಮೂರನೆಯ ದಿನ ಹೊರಗೆ ಯಾರೋ ಬಂದರೆಂದು ಟೀಚರ್ ನನ್ನ ಕಡೆ ತಿರುಗಿ, "ಎರಡ್ ನಿಮಿಷ ಮಕ್ಕಳನ್ ಕಾಂತ್ರ್ಯಾ?" ಎಂದು ಹೋದರು. ಆ ಎರಡು ನಿಮಿಷ ಮುಕ್ಕಾಲು ಗಂಟೆಯಾಯಿತು.

ಅಲ್ಲಿಯವರೆಗೆ ನಾನು ನಾಲ್ಕು ಜನರಿಗಿಂತ ಹೆಚ್ಚು ಮಂದಿಯ ಎದುರು ಬಾಯಿ ತೆರೆದವಳಲ್ಲ. ಮಕ್ಕಳು ಒಬ್ಬರನ್ನು ನೋಡಿ ಒಬ್ಬರು ಅಳಲು ಶುರುಮಾಡಿದಾಗ ಬೇರೆ ದಾರಿ ಕಾಣದೆ ಒಂದು ಕಥೆ ಹುಟ್ಟಿಸಿದೆ. ಕಡಲ ತಳದಲ್ಲಿ ಒಂದು ದೊಡ್ಡ ಮೀನು ಮಲಗಿದೆ, ಅದು ಗೊರಕೆ ಹೊಡೆದರೆ ಮೇಲೆ ತೆರೆ ಏಳುತ್ತದೆ. ಗೊರಕೆ ಹೇಗೆ ಎಂದು ಒಂದು ಮಗು ಕೇಳಿತು. ನನಗೆ ಗೊತ್ತಿದ್ದ ಗೊರಕೆ ಒಂದೇ, ನನ್ನ ಗಂಡನದು. ಅದನ್ನೇ ಏರಿಳಿತ ಸಮೇತ, ಕೊನೆಯ ಸೀಟಿಯ ಸಮೇತ ಹೊಡೆದು ತೋರಿಸಿದೆ. ಇಪ್ಪತ್ತಮೂರು ಮಕ್ಕಳೂ ಒಟ್ಟಿಗೆ ನಕ್ಕವು. ನನ್ನ ಮಗಳು ಎದ್ದು ನಿಂತು, "ಅದ್ ನನ್ನಪ್ಪ!" ಎಂದು ಕೂಗಿದಳು.

ಆ ನಗು ನನ್ನ ತಲೆಗೇರಿತು. ಮನೆಗೆ ಬಂದು ಅನ್ನ ಬಸಿಯುವಾಗಲೂ ಕಿವಿಯಲ್ಲಿ ಅದೇ. ಬಾವಿಯಿಂದ ನೀರು ಸೇದುತ್ತ ಒಬ್ಬಳೇ ನಕ್ಕೆ. ಮರುದಿನ ಬೆಳಿಗ್ಗೆ ಮಗಳಿಗಿಂತ ಮೊದಲೇ ನಾನು ತಲೆ ಬಾಚಿಕೊಂಡು ಸಿದ್ಧಳಾಗಿದ್ದೆ.

ಹಾಗಾಗಿ ಹತ್ತನೆಯ ದಿನ ಮಗಳು ಹೋಗು ಎಂದರೂ ನನ್ನಿಂದ ಹೋಗಲಾಗಲಿಲ್ಲ. ಮಳೆ ಜೋರಿದೆ, ನಿಂತ ಮೇಲೆ ಹೋಗುತ್ತೇನೆ ಎಂದೆ. ಜೂನ್ ತಿಂಗಳಲ್ಲಿ ನಮ್ಮ ಕಡೆ ಈ ನೆಪ ವಾರಗಟ್ಟಲೆ ನಡೆಯುತ್ತದೆ. ಕೊನೆಗೆ ಮಗಳು ಅಜ್ಜಿಯ ಹತ್ತಿರ ದೂರು ಕೊಟ್ಟಳು: "ಅಜ್ಜಿ, ಅಮ್ಮ ಶಾಲಿಂದ ಮನಿಗೇ ಬತ್ತಿಲ್ಲೆ."

ಮರುದಿನ ಅತ್ತೆ ಮೀನು ಮಾರಿ ಬರುವ ದಾರಿಯಲ್ಲಿ ಶಿಶುವಿಹಾರದ ಕಿಟಕಿಯ ಹೊರಗೆ ನಿಂತು ನೋಡಿದರು. ನಾನು ಆಗ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಪ್ಪೆಯಂತೆ ಕುಪ್ಪಳಿಸುತ್ತಿದ್ದೆ. ಹಿಂದೆ ಸಾಲಾಗಿ ಇಪ್ಪತ್ತಮೂರು ಕಪ್ಪೆಮರಿಗಳು. ಕಿಟಕಿಯಲ್ಲಿ ಅತ್ತೆಯ ಮುಖ ಕಂಡು ನಾನು ಕೂತಲ್ಲೇ ಉಳಿದೆ. ಅವರು ಬುಟ್ಟಿ ಸರಿಮಾಡಿಕೊಂಡು ಹೋದರು.

ಸಂಜೆ ಗಂಜಿ ಬಡಿಸುವಾಗ ಬಾಯಿ ಬಿಟ್ಟರು.

"ಹೆಣೆ, ಆ ಟೀಚರಿಗೆ ಸಂಬ್ಳ ಇತ್ತಾ?"

"ಇತ್ತ್."

"ನಿಂಗೆ?"

"ಇಲ್ಲೆ."

"ಹಾಂಗಾರೆ ಸಂಬ್ಳ ಸಿಕ್ಕು ಹಾಂಗ್ ಕುಣಿ. ಸುಮ್ನೆ ಎಂತಕ್ ಕುಣಿತೆ?"

ಗಂಡ ಗಂಜಿ ನೆತ್ತಿಗೇರಿ ಕೆಮ್ಮಿದರು. ನಾನು ಬಯ್ಗುಳ ಕಾದು ಕೂತಿದ್ದವಳು. ಅದು ಬಯ್ಗುಳವಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮರುದಿನ ನನ್ನ ಪಿಯುಸಿ ಮಾರ್ಕು ಹೇಳಿ, ಟೀಚರ್ ಆಗಲು ಏನು ಓದಬೇಕು ಎಂದು ಟೀಚರನ್ನು ಕೇಳಿದೆ. ಅವರು ಕಾಯುತ್ತಿದ್ದವರ ಹಾಗೆ ಹೇಳಿದರು: "ಎರಡ್ ದಾರಿ ಇತ್ತ್ ಕಾಣಿ. ಕುಂದಾಪ್ರದಗೆ ನರ್ಸರಿ ಟ್ರೈನಿಂಗ್, ಒಂದ್ ವರ್ಷ. ನನ್ನ ಹಾಂಗೆ ಸಣ್ ಮಕ್ಕಳ ಒಟ್ಟಿಗೆ ಇಪ್ದ್. ಇಲ್ದಿದ್ರೆ ಡಿ.ಎಡ್., ಎರಡ್ ವರ್ಷ. ಅದ್ ಮಾಡ್ರೆ ಒಂದನೇ ಕ್ಲಾಸಿಂದ ಏಳ್ನೇ ಕ್ಲಾಸ್ ವರೆಗೆ ಕಲಿಸ್ಲಕ್ಕ್, ಸರ್ಕಾರಿ ಕೆಲ್ಸಕ್ಕೂ ಅರ್ಜಿ ಹಾಕ್ಲಕ್ಕ್. ನಿಮ್ಮ ಮಾರ್ಕಿಗೆ ಎರಡೂ ಆತ್ತ್." ಬಿ.ಎಡ್. ಎಂಬುದೂ ಇದೆ, ಆದರೆ ಅದಕ್ಕೆ ಮೊದಲು ಡಿಗ್ರಿ ಆಗಬೇಕು ಎಂದು ಕೊನೆಗೆ ಸೇರಿಸಿದರು. ಆ ದಾರಿಯನ್ನು ನಾನು ಅಲ್ಲೇ ಬಿಟ್ಟೆ.

ಆ ವಾರವಿಡೀ ಅತ್ತೆಯ ಬುಟ್ಟಿಯಲ್ಲಿ ಮೀನಿನ ಜೊತೆ ನನ್ನ ಪ್ರಶ್ನೆಯೂ ಊರು ಸುತ್ತಿತು. ಯಾವ ಮನೆಯ ಅಂಗಳದಲ್ಲಿ ಬುಟ್ಟಿ ಇಳಿಸಿದರೂ ಮೊದಲು, "ನಮ್ಮನಿ ಹೆಣ್ಣ್ ಟೀಚರ್ ಆತ್ಲಂಬ್ರ್. ಒಂದ್ ವರ್ಷದ್ ಒಳ್ಳೆದಾ, ಎರಡ್ ವರ್ಷದ್ದಾ?" ಎಂದು ಕೇಳಿ, ಆಮೇಲೆ ಮೀನು ತೋರಿಸುವುದು. ಸಂಜೆ ಕಾಲು ತೊಳೆದು ಕೂತು ನನಗೆ ವರದಿ. ನಿವೃತ್ತ ಹೆಡ್ಮಾಸ್ತರರು ಡಿ.ಎಡ್. ಎಂದರು. ಅಂಚೆಯವರ ಹೆಂಡತಿಯೂ ಡಿ.ಎಡ್. ಎಂದರು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಒಬ್ಬರು, ಟೀಚರ್ ಯಾಕೆ, ಕಂಪ್ಯೂಟರ್ ಕಲಿಸಿ ಎಂದರು. ಮೀನನ್ನು ಮುಟ್ಟಿ ಮುಟ್ಟಿ ನೋಡಿ ಕೊನೆಗೆ ಬೇಡ ಎನ್ನುವ ಒಬ್ಬ ಹೆಂಗಸು ಮಾತ್ರ ನರ್ಸರಿ ಎಂದರಂತೆ. "ಅವ್ರ್ ಮಾತ್ ಬಿಡ್," ಎಂದರು ಅತ್ತೆ. "ಮೀನ್ ತಕಂಬುಕೇ ಗೊತ್ತಿಲ್ಲೆ ಅವ್ರಿಗೆ."

ಕೊನೆಗೆ ಎರಡಕ್ಕೂ ಅರ್ಜಿ ಹಾಕುವುದೆಂದಾಯಿತು.

ಡಿ.ಎಡ್. ಅರ್ಜಿ ಕೊಡಬೇಕಾದದ್ದು ಬ್ರಹ್ಮಾವರದ ಕಡೆಯ ಒಂದು ಕಾಲೇಜಿನಲ್ಲಿ. ನಮಗೆ ವಿಷಯ ತಿಳಿಯುವಾಗ ಕೊನೆಯ ದಿನ ಬಂದೇಬಿಟ್ಟಿತ್ತು. ಅತ್ತೆ ಮೀನು ಬೇಗ ಮುಗಿಸಿ, ತೊಳೆದ ಖಾಲಿ ಬುಟ್ಟಿಯ ಸಮೇತ ನೇರ ಬಸ್ ಸ್ಟಾಪಿಗೇ ಬಂದರು. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಅಮ್ಮ, ಬುಟ್ಟಿ ಮೇಲ್ ಹಾಕಿ" ಎಂದ. "ಮೇಲ್ ಹಾಕ್ರೆ ಮಳಿಗೆ ನೀರ್ ತುಂಬಿ ನಿನ್ ಬಸ್ಸೇ ಮುಳ್ಗುತ್ತ್ ಕಾಣ್" ಎಂದು ಅತ್ತೆ ಬುಟ್ಟಿಯನ್ನು ತಲೆಗೆ ಟೊಪ್ಪಿಯ ಹಾಗೆ ಕವುಚಿಕೊಂಡು ಸೀಟಿನಲ್ಲಿ ಕೂತರು. ನಮ್ಮಲ್ಲಿ ರಸ್ತೆ ಕಡಲಿಗೆ ತಾಗಿಯೇ ಹೋಗುವುದರಿಂದ ತೆರೆ ಹಾರಿ ಹಾರಿ ರಸ್ತೆಗೆ ಬೀಳುತ್ತಿತ್ತು. ಡ್ರೈವರ್ ಒಂದು ತೆರೆ ಹೋಗಲು ಬಿಟ್ಟು, ಇನ್ನೊಂದು ಬರುವುದರೊಳಗೆ ಬಸ್ ದಾಟಿಸುತ್ತಿದ್ದ. ಪ್ರತಿ ಸಲವೂ ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಿದ್ದೆ.

ಕಾಲೇಜಿನ ಗುಮಾಸ್ತರು ಅರ್ಜಿ ತಿರುವಿ ನೋಡಿ, "ಅಂಕಪಟ್ಟಿ ನಕಲಿಗೆ ಗೆಜೆಟೆಡ್ ಆಫೀಸರ್ ಸಹಿ, ಸೀಲು ಬೇಕು. ಐದು ಗಂಟೆಗೆ ಬಾಗಿಲು ಹಾಕ್ತೇವೆ" ಎಂದರು. ಗಂಟೆ ಮೂರೂವರೆ. ನಮಗೆ ಬ್ರಹ್ಮಾವರದಲ್ಲಿ ಒಂದು ನರಪಿಳ್ಳೆಯ ಪರಿಚಯವಿಲ್ಲ. ಚಾ ಅಂಗಡಿಯವರನ್ನು ಕೇಳಿದರೆ, ದನದ ಡಾಕ್ಟರ ಸಹಿಯೂ ಆಗುತ್ತದೆ ಎಂದು ದಾರಿ ತೋರಿಸಿದರು.

ಡಾಕ್ಟರು ಹಟ್ಟಿಯಂಥ ಶೆಡ್ಡಿನಲ್ಲಿ ಒಂದು ದನದ ಹಿಂದೆ ನಿಂತಿದ್ದರು. ಬಲಗೈ ಮೊಣಕೈಯವರೆಗೆ ದನದೊಳಗಿತ್ತು.

"ಹ್ವಾಯ್, ಡಾಕ್ಟ್ರೇ," ಎಂದರು ಅತ್ತೆ, "ಒಂದ್ ಸಹಿ ಬೇಕಿತ್ತ್."

"ಕೈ ಖಾಲಿ ಇಲ್ಲ ಅಮ್ಮ. ಆ ಹಗ್ಗ ಗಟ್ಟಿ ಹಿಡೀರಿ, ಬೇಗ ಮುಗೀತದೆ."

ಅತ್ತೆ ಹಗ್ಗ ಹಿಡಿದರು. ನಾನು ಫೈಲನ್ನು ಸೆರಗಿನೊಳಗೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತೆ. ಡಾಕ್ಟರು ಮುಗಿಸಿ, ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದು, ಸಹಿ ಮಾಡುತ್ತ ಯಾವುದಕ್ಕೆ ಎಂದು ಕೇಳಿದರು. ಟೀಚರ್ ಆಗಲು ಎಂದೆ.

"ಒಳ್ಳೆಯದು. ಆದ್ರೆ ನೋಡಿ, ನನ್ನ ಪೇಷಂಟುಗಳು ಒದಿಯೋ ಮೊದಲು ಕಿವಿ ಹಿಂದೆ ಮಾಡ್ತವೆ. ಮಕ್ಕಳು ಹೇಳದೇ ಒದಿತಾರೆ."

ಅಲ್ಲಿಂದ ಓಡಿದೆವು. ಅತ್ತೆ ಬುಟ್ಟಿ ಸೊಂಟಕ್ಕಿಟ್ಟು ಮುಂದೆ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ. ಗುಮಾಸ್ತರು ಬೀಗ ಕೈಗೆ ತೆಗೆದುಕೊಂಡಿದ್ದರು. ಅರ್ಜಿ ಒಳಗೆ ಹೋಯಿತು. ತಿರುಗಿ ಬರುವ ಬಸ್ಸಿನಲ್ಲಿ ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ಇಬ್ಬರಿಗೂ ನಗು ಶುರುವಾಯಿತು. ಕುಂದಾಪುರ ದಾಟಿದರೂ ನಿಲ್ಲಲಿಲ್ಲ. ಮದುವೆಯಾಗಿ ಆರು ವರ್ಷವಾಗಿತ್ತು. ಅತ್ತೆ ಹಾಗೆ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನಾನು ಮೊದಲು ನೋಡಿರಲಿಲ್ಲ.

ನರ್ಸರಿ ಟ್ರೈನಿಂಗಿನ ಸಂದರ್ಶನ ಅದರ ಮುಂದಿನ ವಾರ, ಕುಂದಾಪುರದ ಒಂದು ಹಳೇ ಹೆಂಚಿನ ಮನೆಯಲ್ಲಿ. ನಡೆಸುತ್ತಿದ್ದವರು ಬೆಳ್ಳಿಗೂದಲಿನ ಒಬ್ಬ ಮೇಡಂ. ಅವರು ನನ್ನ ಅಂಕಪಟ್ಟಿಯನ್ನು ಸರಿಯಾಗಿ ನೋಡಲೂ ಇಲ್ಲ. "ನಾನು ನಾಲ್ಕು ವರ್ಷದ ಮಗು. ಒಂದು ಕಥೆ ಹೇಳಿ" ಎಂದರು.

ಗಂಡನ ಗೊರಕೆ ಅಲ್ಲಿ ಹೊಡೆಯಲು ನಾಚಿಕೆಯಾಗಿ ಏಡಿಯ ಕಥೆ ಎತ್ತಿಕೊಂಡೆ. ಅಜ್ಜಿಮನೆಗೆ ಹೊರಟ ಏಡಿ. ಗಾಬರಿಗೆ ನಾನು ಏಡಿಯಾಗಿ ಸೀದಾ ಮೇಡಮ್ಮಿನ ಮೇಜಿನ ಕಡೆಗೇ ನಡೆದೆ. ಜೊತೆಗೆ ಬಂದು ಬಾಗಿಲ ಹೊರಗೆ ಕಾಯುತ್ತಿದ್ದ ಅತ್ತೆಯ ಸ್ವರ ಬಂತು:

"ಎಂತ ಮರಾಯ್ತಿ, ಏಡಿ ಹಾಂಗ್ ಸೀದಾ ಹೋತ್ತಾ? ಅಡ್ಡ ಹೋಯ್ಕ್!"

ಹೇಳಿ ಸುಮ್ಮನಾಗಲಿಲ್ಲ. ಬುಟ್ಟಿ ಹೊರಗಿಟ್ಟು ಒಳಗೆ ಬಂದು, ಎರಡೂ ಕೈಗಳನ್ನು ಕೊಂಬಿನ ಹಾಗೆ ಎತ್ತಿ, ಮೊಣಕಾಲು ಬಗ್ಗಿಸಿ, ಆ ಗೋಡೆಯಿಂದ ಈ ಗೋಡೆಗೆ ಅಡ್ಡಡ್ಡ ಓಡಿದರು. ಅರುವತ್ತರ ಹತ್ತಿರದ ಹೆಂಗಸು. ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಅಮ್ಮ, ನಿಮಗೂ ಒಂದು ಸೀಟು ಕೊಡ್ತೇನೆ, ಸೇರ್ತೀರಾ?"

"ನಂಗೆ ಪುರ್ಸೊತ್ತಿಲ್ಲೆ," ಎಂದು ಅತ್ತೆ ಗಂಭೀರವಾಗಿ ಹೇಳಿ ಹೊರಗೆ ಹೋದರು.

ನನಗೆ ಅಲ್ಲೇ ಸೀಟಾಯಿತು. ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ ಎಲ್ಲ ಕೊಟ್ಟು ಸೇರಿಕೊಂಡೆ. ಬೆಳಿಗ್ಗೆ ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು, ಈಗ ನಿಜವಾಗಿಯೂ ಬಿಟ್ಟು, ನಾನು ಕುಂದಾಪುರದ ಬಸ್ಸು ಹತ್ತುತ್ತಿದ್ದೆ. ಮೂರು ವಾರ ಹೋಗಿರಬೇಕು. ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ಕಾರ್ಡು ತಂದು ಕೊಟ್ಟರು: ಡಿ.ಎಡ್.ಗೆ ಆಯ್ಕೆಯಾಗಿದ್ದೀರಿ, ಇಂಥ ದಿನದೊಳಗೆ ಮೂಲ ಪ್ರಮಾಣಪತ್ರಗಳೊಂದಿಗೆ ಹಾಜರಾಗಿ.

ಮನೆಯಲ್ಲಿ ಹಬ್ಬವಾಯಿತು. ಗಂಡ ಬಲೆ ಬದಿಗಿಟ್ಟು ಪೇಟೆಗೆ ಹೋಗಿ ಜಿಲೇಬಿ ತಂದರು. ಅತ್ತೆ ಕಾರ್ಡನ್ನು ದೇವರ ಪಟದ ಹತ್ತಿರ ಇಟ್ಟರು. ನಾನು ನಕ್ಕೆ, ಜಿಲೇಬಿ ತಿಂದೆ. ಆದರೆ ಒಳಗೆಲ್ಲೋ ಒಂದು ಎಳೆ ಸಿಕ್ಕು ಬಿದ್ದಿತ್ತು.

"ಹ್ವಾಯ್," ಎಂದು ಗಂಡನನ್ನು ಕರೆದೆ, "ಬ್ರಹ್ಮಾವರ ದೂರ. ಎರಡ್ ವರ್ಷ. ಮಗೀನ್ ಯಾರ್ ಕಾಂತ್ರ್?"

"ಅಮ್ಮ ಇದ್ರಲ್ದಾ. ನಾನೂ ಬೋಟ್ ಇಲ್ದಾಗ ಇರ್ತೆ. ನೀನ್ ಹೋಗ್."

"ನಿಮ್ಗೆ ಕಷ್ಟ ಆತಿಲ್ಯಾ?"

"ಎಂತ ಕಷ್ಟ? ಹೋಗ್ ಅಂದೆ ಅಲ್ದಾ."

ಅಡ್ಡ ಬರುವವರು ಯಾರಾದರೂ ಇದ್ದಿದ್ದರೆ ಸುಲಭವಿತ್ತು. ಅವರ ಮೇಲೆ ಹಾಕಿ ಕೂತಿರಬಹುದಿತ್ತು. ಗಂಡ ಹೋಗು ಎನ್ನುತ್ತಾರೆ, ಅತ್ತೆ ಹೋಗು ಎನ್ನುತ್ತಾರೆ, ಬುಟ್ಟಿ ಇಳಿಸಿದ ಅಂಗಳಗಳೆಲ್ಲ ಹೋಗು ಎನ್ನುತ್ತವೆ. ಉಳಿದದ್ದು ನಾನೊಬ್ಬಳೇ. ನನಗೇನು ಬೇಕು ಎಂದು ಯಾರೂ ಕೇಳುವ ಅಗತ್ಯವೇ ಬೀಳದ ಹಾಗೆ ಎಲ್ಲರೂ ಒಳ್ಳೆಯವರಾಗಿದ್ದರು.

ಕೊನೆಯ ದಿನಕ್ಕೆ ಮೂರು ದಿನ ಇರುವಾಗ ಪ್ರಮಾಣಪತ್ರ ವಾಪಸು ಕೇಳಲು ಕುಂದಾಪುರಕ್ಕೆ ಹೋದೆ. ಮೇಡಂ ಬಯ್ಯುತ್ತಾರೆ, ಆಗ ನಾನೂ ನಾಲ್ಕು ಮಾತಾಡಿ ಬರುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಅವರು ಬಯ್ಯಲಿಲ್ಲ. ಕಪಾಟಿನಿಂದ ಲಕೋಟೆ ತೆಗೆದು ಕೈಗೆ ಕೊಟ್ಟು, "ಡಿ.ಎಡ್. ಒಳ್ಳೆಯ ಕೋರ್ಸು. ಹೋಗಿ ಬನ್ನಿ" ಎಂದರು. ಆಮೇಲೆ, "ಇವತ್ತು ಬೊಂಬೆ ಮಾಡೋದು ಕಲಿಸ್ಲಿಕ್ಕೆ ಒಬ್ಬರು ಬಂದಿದ್ದಾರೆ. ಬಂದದ್ದು ಬಂದಿದ್ದೀರಿ, ಕೂತು ಹೋಗಿ."

ಕೂತೆ. ಕಲಿಸಲು ಬಂದವರು ತೆಳ್ಳಗಿನ ಒಬ್ಬ ಮುದುಕರು. ಹಳೇ ಸಾಕ್ಸು ಇದ್ದವರು ತೆಗೆಯಿರಿ ಎಂದರು. ಹದಿನೆಂಟು ಹೆಂಗಸರಲ್ಲಿ ಒಬ್ಬರ ಹತ್ತಿರವೂ ಸಾಕ್ಸಿಲ್ಲ. ನಮ್ಮ ಕಡೆ ಆ ಸೆಕೆಗೆ ಸಾಕ್ಸು ಹಾಕುವವರು ಯಾರು? ಮುದುಕರು ಸ್ವಲ್ಪ ಹೊತ್ತು ತಲೆ ಕೆರೆದು, ಹಿತ್ತಿಲಿಂದ ತೆಂಗಿನ ಗೆರಟೆ, ಅಂದರೆ ಒಣಗಿದ ಚಿಪ್ಪು, ತರಿಸಿದರು. ನಾನು ಗೆರಟೆಗೆ ಹಸಿರು ಬಟ್ಟೆಯ ಕಾಲು, ಗುಂಡಿಯ ಕಣ್ಣು ಅಂಟಿಸಿ ಒಂದು ಆಮೆ ಮಾಡಿದೆ. ಕುತ್ತಿಗೆಗೆ ಬೆರಳು ತೂರಿಸಿದರೆ ತಲೆ ಹೊರಗೆ ಬರುತ್ತಿತ್ತು, ಎಳೆದರೆ ಒಳಗೆ ಹೋಗುತ್ತಿತ್ತು.

ಮಧ್ಯಾಹ್ನದ ಮೇಲೆ ಪಕ್ಕದ ಕೋಣೆಯ ಶಿಶುವಿಹಾರದ ಮಕ್ಕಳನ್ನು ಕರೆತಂದು ನಮ್ಮ ಎದುರು ಕೂರಿಸಿದರು. ಅವರಲ್ಲಿ ಒಂದು ಹೆಣ್ಣುಮಗು, ಶಾಲೆ ಶುರುವಾದಾಗಿನಿಂದ ಯಾರ ಹತ್ತಿರವೂ ಒಂದು ಮಾತಾಡಿಲ್ಲ ಎಂದು ನಾವೆಲ್ಲ ಕೇಳಿದ್ದೆವು. ಅದು ಸೀದಾ ನನ್ನ ಮುಂದೆ ಬಂದು ಕೂತಿತು. ನಾನೂ ಮಾತಾಡಲಿಲ್ಲ. ಆಮೆಯ ತಲೆ ಹೊರಗೆ ಹಾಕಿದೆ, ಮಗುವನ್ನು ನೋಡಿ ನಾಚಿ ಒಳಗೆ ಎಳೆದೆ. ಮತ್ತೆ ಅರ್ಧ ಹೊರಗೆ ಹಾಕಿದೆ, ಮತ್ತೆ ಒಳಗೆ. ನಾಲ್ಕನೆಯ ಸಲ ಮಗು ಬಗ್ಗಿ ಗೆರಟೆಯ ಹತ್ತಿರ ಬಾಯಿ ತಂದು ಪಿಸುಗುಟ್ಟಿತು:

"ನಿಂದ್ ಊಟ ಆಯ್ತಾ?"

ಆಮೆ ಇಲ್ಲ ಎಂದು ತಲೆಯಾಡಿಸಿತು. ಮಗು ಎದ್ದು ಆಯಾಳ ಹತ್ತಿರ ಓಡಿ, ಇಡೀ ಕೋಣೆಗೆ ಕೇಳುವ ಹಾಗೆ ಕೂಗಿತು: "ಅದ್ರದ್ ಊಟ ಆಯ್ಲಿಲ್ಲೆ ಅಂಬ್ರ್!"

ನನಗೆ ಆ ಕ್ಷಣ ಎದ್ದು ಕುಣಿಯಬೇಕೆನಿಸಿತು. ಕುಣಿಯಲಿಲ್ಲ, ಆಮೆಗೆ ಊಟ ಮಾಡಿಸುವ ಕೆಲಸವಿತ್ತು. ಅದು ಮುಗಿದ ಮೇಲೆ ಮೇಡಮ್ಮಿನ ಕೋಣೆಗೆ ಹೋಗಿ ಲಕೋಟೆಯನ್ನು ಅವರ ಮೇಜಿನ ಮೇಲೆ ತಿರುಗಿ ಇಟ್ಟೆ. ಅವರು ಅದನ್ನು ಕಪಾಟಿನೊಳಗೆ ಹಾಕಿ ಬೀಗ ಹಾಕಿದರು. ನಾನು ಬಸ್ ಸ್ಟ್ಯಾಂಡಿನವರೆಗೆ ನಡೆದೆನೋ ಹಾರಿದೆನೋ ತಿಳಿಯದು. ಬಸ್ಸು ಮರವಂತೆ ಸಮೀಪಿಸುವಾಗ ಮಾತ್ರ, ಅತ್ತೆಗೆ ಏನು ಹೇಳುವುದು ಎಂಬುದು ನೆನಪಾಯಿತು.

ಹೇಳಿದೆ. ಗಂಡ ಬಲೆಯ ಒಂದು ಗಂಟು ಬಿಗಿದು, "ನಿಂಗ್ ಖುಷಿ ಇದ್ರೆ ಸೈ" ಎಂದರು. ಅತ್ತೆ ಎದ್ದು ಒಳಗೆ ಹೋದರು. ಎರಡು ದಿನ ನನ್ನೊಡನೆ ಮಾತೇ ಇಲ್ಲ. ಅಷ್ಟರಲ್ಲಿ ಮಗಳು ಆಮೆಯನ್ನು ತನ್ನದಾಗಿಸಿಕೊಂಡಿದ್ದಳು. ಅದರ ತಲೆ ಹೊರಗೆ ಹಾಕಿ, "ಅಜ್ಜಿ, ನಿಮ್ಗೆ ಕೋಪ ಬಂದಿತ್ತಾ?" ಎಂದು ಕೇಳಿದಳು. ಅತ್ತೆ ನನ್ನ ಕಡೆ ನೋಡದೆ ಆಮೆಗೇ ಉತ್ತರ ಕೊಟ್ಟರು: "ಹೌದ್. ಸರ್ಕಾರಿ ಕೆಲ್ಸದ ದಾರಿ ಒದ್ದ್ ಬಂದ್ಲಲೆ, ಅವ್ಳಿಗೆ ಹೇಳ್, ನಾಳೆ ಕಡೀ ದಿನ ಅಂತ." ನಾನೂ ಆಮೆಯ ಹತ್ತಿರ, ನನಗೆ ಗೊತ್ತಿದೆ ಎಂದೆ.

ಮರುದಿನ ಬೆಳಿಗ್ಗೆ ಅತ್ತೆ ಬುಟ್ಟಿ ಎತ್ತಿಕೊಳ್ಳುವ ಮೊದಲು ಬಾಗಿಲಲ್ಲಿ ನಿಂತರು.

"ಅಲ್ಲಿ ಖುಷಿ ಇತ್ತಾ ನಿಂಗೆ?"

"ಇತ್ತ್ ಅತ್ತೆ."

"ಎಷ್ಟ್?"

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಮಾತಾಡಲು ಹೋದರೆ ಅಳು ಬರುತ್ತಿತ್ತು, ಅಥವಾ ನಗು. ಅತ್ತೆ ನನ್ನ ಮುಖ ನೋಡಿ, "ಹಾಂಗಾರೆ ಮಾಡ್" ಎಂದು ಬುಟ್ಟಿ ತಲೆಗೇರಿಸಿದರು. ಅಂದು ನಾನು ಹತ್ತಿದ ಬಸ್ಸು ಬ್ರಹ್ಮಾವರಕ್ಕೆ ಹೋಗುವುದೇ ಆಗಿತ್ತು. ನಾನು ಕುಂದಾಪುರದಲ್ಲಿ ಇಳಿದೆ.

ಮುಂದಿನ ಜೂನ್‌ನಲ್ಲಿ ಬೈಂದೂರಿನ ಒಂದು ಸಣ್ಣ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಅಲ್ಲೇ ಇನ್ನೊಂದು ಶಾಲೆಯ ಎಲ್‌ಕೆಜಿಗೆ ಬಂದೆ. ನನ್ನ ಜೊತೆ ಡಿ.ಎಡ್.ಗೆ ಆಯ್ಕೆಯಾಗಿದ್ದವಳೊಬ್ಬಳು ಬಯಲುಸೀಮೆಯ ದೂರದ ಊರಿನ ಸರ್ಕಾರಿ ಶಾಲೆ ಸೇರಿದಳು. ರಜೆಯಲ್ಲಿ ಸಿಕ್ಕಾಗ ಅವಳ ಸಂಬಳ, ಅವಳ ಪಿಂಚಣಿ ಕೇಳಿ ಹೊಟ್ಟೆಯಲ್ಲಿ ಸಣ್ಣಗೆ ಉರಿದದ್ದುಂಟು. ಇಲ್ಲವೆಂದರೆ ಸುಳ್ಳಾಗುತ್ತದೆ. ಎರಡು ವರ್ಷದ್ದನ್ನೇ ಮಾಡಬೇಕಿತ್ತು ಎಂದು ಕೆಲವು ಸಂಜೆ ಅನಿಸಿದೆ, ಬೆಳಿಗ್ಗೆ ಅನಿಸಿದ್ದು ಮಾತ್ರ ಇಲ್ಲ. ಬೆಳಿಗ್ಗೆ ಮೂವತ್ತು ಮಕ್ಕಳು ಏಕಕಾಲಕ್ಕೆ ಮೂವತ್ತು ಸುದ್ದಿ ಹೇಳಲು ನನ್ನ ಸೆರಗು ಎಳೆಯುತ್ತಿರುವಾಗ ಪಿಂಚಣಿಯ ಯೋಚನೆ ಮಾಡಲು ಪುರಸೊತ್ತು ಎಲ್ಲಿ?

ಈಗ ಪಿಯುಸಿ ಮುಗಿಸಿದ ಹುಡುಗಿಯರು ಯಾವ ಟ್ರೈನಿಂಗ್ ಮಾಡಲಿ ಎಂದು ಕೇಳಿಕೊಂಡು ಬರುತ್ತಾರೆ. ನಾನು ಒಂದೂ ಹೆಸರು ಹೇಳುವುದಿಲ್ಲ. ಒಂದು ದಿನ ನನ್ನ ಕ್ಲಾಸಿನಲ್ಲಿ ಕೂತು ಹೋಗಿ ಎನ್ನುತ್ತೇನೆ. ಕೆಲವು ವರ್ಷಗಳ ಹಿಂದೆ ಯಡ್ತರೆಯಿಂದ ಒಬ್ಬಳು ಬಂದಿದ್ದಳು. ಇಸ್ತ್ರಿ ಮಾಡಿದ ಚೂಡಿದಾರ, ಕೈಯಲ್ಲಿ ನೋಟ್‌ಬುಕ್ಕು. ಅರ್ಧ ಗಂಟೆಯೊಳಗೆ ಒಬ್ಬ ಅವಳ ದುಪ್ಪಟ್ಟದಲ್ಲಿ ಮೂಗು ಒರೆಸಿದ, ಇನ್ನೊಬ್ಬಳು ನೋಟ್‌ಬುಕ್ಕಿನಲ್ಲಿ ರೈಲು ಬರೆದಳು, ಮೂರನೆಯವನು ಮಡಿಲಲ್ಲಿ ಕೂತು ಬೆಳಿಗ್ಗೆ ತಿಂದ ಇಡ್ಲಿಯನ್ನೆಲ್ಲ ಅಲ್ಲೇ ಕಕ್ಕಿದ. ಅವಳು ಬಾವಿಕಟ್ಟೆಯಲ್ಲಿ ಬಟ್ಟೆ ತೊಳೆದುಕೊಂಡು ಬಂದು, ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕ, ನಂಗೆ ಇದ್ ಆಪ್ದಲ್ಲ," ಎಂದಳು. ಮುಖದಲ್ಲಿ ಎಷ್ಟು ಸಮಾಧಾನವಿತ್ತೆಂದರೆ, ನಾವಿಬ್ಬರೂ ಅಲ್ಲೇ ನಿಂತು ನಕ್ಕೆವು. ಈಗ ಅವಳು ಕುಂದಾಪುರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ. ದಾರಿಯಲ್ಲಿ ಸಿಕ್ಕಿದಾಗಲೆಲ್ಲ ಚಾ ಕುಡಿಸದೆ ಬಿಡುವುದಿಲ್ಲ.